ಜೀಪಿನ ತಾಮ್ರವನ್ನು ಗ್ಯಾರೇಜಿನ ಮೂಲೆಯಲ್ಲಿ ಬಿಟ್ಟು ಬರಬೇಡಿ

"ಗೌಡ್ರೆ, ರೇಡಿಯೇಟರ್ ಪೂರ್ತಿ ಹೋಗಿದೆ. ಹೊಸದೇ ಹಾಕಿಬಿಡುವ. ಈಗೆಲ್ಲ ಅಲ್ಯೂಮಿನಿಯಂದೇ ಬರೋದು. ಹಗುರ, ಚೆನ್ನಾಗಿ ತಂಪು ಮಾಡ್ತದೆ."

ಕುದಿಯುವ ಹಳೆಯ ಜೀಪನ್ನು ಮಲೆನಾಡಿನ ಯಾವ ಪೇಟೆಯ ಗ್ಯಾರೇಜಿಗೆ ಒಯ್ದರೂ ಈಗ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಮಧ್ಯಾಹ್ನದೊಳಗೆ ಹೊಳೆಯುವ ಬಿಳಿ ಕೋರ್, ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಇರುವ ಹೊಸ ರೇಡಿಯೇಟರ್ ಬಾನೆಟ್ ಕೆಳಗೆ ಕೂತಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಹಳೆಯದು ಗ್ಯಾರೇಜಿನ ಮೂಲೆ ಸೇರುತ್ತದೆ. ಮಾಲೀಕರು ದುಡ್ಡು ಎಣಿಸಿಕೊಟ್ಟು, ಅಂತೂ ಕೆಲಸ ಮುಗಿಯಿತು ಎಂದು ಊರಿಗೆ ಹೊರಡುತ್ತಾರೆ.

ಆ ಒಂದೇ ಮಾತಿನಲ್ಲಿ ಮಾಲೀಕರಿಗೆ ಮೂರು ಕಡೆ ಪೆಟ್ಟು ಬಿದ್ದಿದೆ ಎನ್ನುವುದು ನನ್ನ ವಾದ. ತಪ್ಪು ರೇಡಿಯೇಟರಿನದ್ದೇ ಎಂದು ಯಾರೂ ಪರೀಕ್ಷೆ ಮಾಡಿಲ್ಲ. ಹಾಕಿದ ಹೊಸದು ಒಡೆದರೆ ನಮ್ಮ ತಾಲ್ಲೂಕಿನಲ್ಲಿ ರಿಪೇರಿ ಮಾಡುವವರು ಇಲ್ಲ. ಬಿಟ್ಟುಬಂದ ಹಳೆಯದರಲ್ಲಿ ತಾಮ್ರ ಹಿತ್ತಾಳೆ ಇತ್ತು, ಅದು ನಿಮ್ಮದು.

ನಾನು ಮೆಕ್ಯಾನಿಕ್ ಅಲ್ಲ. ಮನೆಯಲ್ಲಿ ಹಳೆಯ ಜೀಪು ಇದೆ, ಗ್ಯಾರೇಜಿನ ಬೆಂಚಿನ ಮೇಲೆ ಕೂತು ಪ್ರಶ್ನೆ ಕೇಳುವ ಚಟವೂ ಇದೆ. ಬರೆಯುತ್ತಿರುವುದು ಹಳೆಯ ಫೋರ್ ವೀಲ್ ಡ್ರೈವ್ ಜೀಪುಗಳ ಬಗ್ಗೆ ಮಾತ್ರ. ವಿಲ್ಲಿಸ್, ಎಂಎಂ 540, ಎಂಎಂ 550, ಮೇಜರ್, ಕಮಾಂಡರ್, ಹೀಗೆ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಹೊತ್ತು ಬಂದ ಗಾಡಿಗಳು. ಕಂಪನಿಯಿಂದಲೇ ಅಲ್ಯೂಮಿನಿಯಂ ಹಾಕಿಸಿಕೊಂಡು ಬಂದ ಈಚಿನ ಗಾಡಿಗಳ ಮಾತು ಬೇರೆ. ಅದಕ್ಕೆ ಅದೇ ಸರಿ.

ಈ ಜೀಪುಗಳನ್ನು ಶೋಕಿಗೆ ಇಟ್ಟುಕೊಂಡವರು ಪೇಟೆಯಲ್ಲಿ ಇರಬಹುದು. ನಮ್ಮ ಕಡೆ ಇವು ದುಡಿಯುವ ಗಾಡಿಗಳು. ಅಡಿಕೆ ಗೊನೆ, ಕಾಫಿ ಮೂಟೆ, ಗೊಬ್ಬರ, ಗ್ಯಾಸ್ ಸಿಲಿಂಡರ್, ಶಾಲೆ ಮಕ್ಕಳು ಎಲ್ಲ ಇದರಲ್ಲೇ. ಆಷಾಢದ ಮಳೆಯಲ್ಲಿ ಆಂಬ್ಯುಲೆನ್ಸ್ ಮುಖ್ಯರಸ್ತೆಯಲ್ಲೇ ನಿಂತರೆ, ಒಳಗಿನ ಮನೆಯಿಂದ ಬಸುರಿಯನ್ನು ಅಲ್ಲಿಯವರೆಗೆ ತರುವುದೂ ಇದೇ ಜೀಪು. ಅಂಥ ದಿನ ಏರಿನ ನಡುವೆ ಬಾನೆಟ್ಟಿನಿಂದ ಹಬೆ ಎದ್ದರೆ ಏನು ಗತಿ ಎಂದು ಯೋಚಿಸಿದವರಿಗೆ ರೇಡಿಯೇಟರ್ ಸಣ್ಣ ವಿಷಯ ಅನ್ನಿಸುವುದಿಲ್ಲ.

ಹಳೆಯ ಜೀಪಿಗೆ ರೇಡಿಯೇಟರ್ ಯಾಕೆ ಇಷ್ಟು ಮುಖ್ಯ ಎಂದು ಮೊದಲು ನೋಡುವ. ಹೆದ್ದಾರಿಯಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ಹೋಗುವ ಕಾರಿಗೆ ಎದುರಿನ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಜೀಪನ್ನು ನೆನೆಸಿಕೊಳ್ಳಿ. ಲೋ ಗೇರ್, ಫಸ್ಟ್ ಗೇರ್, ನಡೆಯುವವನ ವೇಗ. ಎಂಜಿನ್ ಬೊಬ್ಬೆ ಹಾಕುತ್ತಿದೆ, ಎದುರಿನಿಂದ ಗಾಳಿ ಇಲ್ಲ. ಬಿಸಿಯನ್ನೆಲ್ಲ ಹೊರಗೆ ಹಾಕಬೇಕಾದದ್ದು ಫ್ಯಾನು ಮತ್ತು ರೇಡಿಯೇಟರ್ ಎರಡೇ. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಜೀಪುಗಳ ಕಥೆಯೂ ಇದೇ, ತೋಟದೊಳಗಿನ ಏರು ರಸ್ತೆಯಲ್ಲಿ ಲೋಡ್ ಎಳೆಯುವ ಜೀಪಿನ ಕಥೆಯೂ ಇದೇ.

ಇದರ ಜೊತೆಗೆ ಎತ್ತರದ ಲೆಕ್ಕ ಬೇರೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಪ್ರತಿ 300 ಮೀಟರ್ ಮೇಲೇರಿದಂತೆ ಸುಮಾರು ಒಂದು ಡಿಗ್ರಿ ಕಡಿಮೆ. ಕೊಡಚಾದ್ರಿಯ ತುದಿ 1,343 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಂದಾಪುರದಲ್ಲಿ ಕುದಿಯದ ಜೀಪು ಬೆಟ್ಟದ ಮೇಲೆ ಯಾಕೆ ಕುದಿಯಿತು ಎನ್ನುವುದಕ್ಕೆ ಲೋಡು, ಏರು, ನಿಧಾನದ ಜೊತೆಗೆ ಇದೂ ಒಂದು ಕಾರಣ.

ಈಗ ಮೊದಲನೇ ಜಗಳಕ್ಕೆ ಬರುವ. ಜೀಪು ಕುದಿಯಿತು ಎಂದ ಮಾತ್ರಕ್ಕೆ ರೇಡಿಯೇಟರ್ ಕೆಟ್ಟಿದೆ ಎಂದು ಅರ್ಥ ಅಲ್ಲ. ಜ್ವರ ಬಂದ ಕೂಡಲೆ ಕಿಡ್ನಿ ಬದಲಿಸುವ ಡಾಕ್ಟರನ್ನು ನಾವು ನಂಬುತ್ತೇವಾ? ಗ್ಯಾರೇಜಿನಲ್ಲಿ ಮಾತ್ರ ಅದನ್ನು ಒಪ್ಪಿಕೊಂಡುಬಿಡುತ್ತೇವೆ.

ಪರೀಕ್ಷೆಗಳಲ್ಲಿ ಹೆಚ್ಚಿನವು ಮನೆಯ ಅಂಗಳದಲ್ಲೇ ಆಗುತ್ತವೆ, ಖರ್ಚಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ತೆಗೆಯಿರಿ. ಒಳಗಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲವಾಗಿದ್ದರೆ ಕ್ಯಾಪ್ ಒತ್ತಡ ಹಿಡಿಯುವುದಿಲ್ಲ. ಒತ್ತಡ ಇಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಇಷ್ಟು ಚಿಕ್ಕ ಕ್ಯಾಪಿನ ತಪ್ಪಿಗೆ ಇಡೀ ರೇಡಿಯೇಟರ್ ಗುಜರಿಗೆ ಹೋಗುತ್ತದೆ. ಬಿಸಿ ಇರುವಾಗ ಮಾತ್ರ ಯಾವ ಕಾರಣಕ್ಕೂ ಕ್ಯಾಪಿಗೆ ಕೈ ಹಾಕಬೇಡಿ. ಬಟ್ಟೆ ಸುತ್ತಿ ಮೆಲ್ಲಗೆ ತಿರುಗಿಸುತ್ತೇನೆ ಎನ್ನುವ ಧೈರ್ಯವೂ ಬೇಡ. ಒತ್ತಡದಲ್ಲಿರುವ ನೀರು ಕ್ಯಾಪ್ ಸಡಿಲವಾದ ಕ್ಷಣ ಹಬೆಯಾಗಿ ಮುಖಕ್ಕೆ ಬರುತ್ತದೆ. ಪಕ್ಕದಲ್ಲಿ ಇಣುಕುವ ಮಕ್ಕಳು ಇದ್ದರಂತೂ ದೇವರೇ ಗತಿ.

ಆಮೇಲೆ ಫ್ಯಾನ್ ಬೆಲ್ಟ್. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಜೋಲು ಬೀಳಬಾರದು. ಕೆಳಗಿನ ಹೋಸ್ ಪೈಪು ನೋಡಿ. ವಾಟರ್ ಪಂಪ್ ನೀರನ್ನು ಎಳೆಯುವುದು ಅದರ ಮೂಲಕ. ಹಳೆಯದಾಗಿ ಮೆತ್ತಗಾಗಿದ್ದರೆ ಎಂಜಿನ್ ರೇಸ್ ಮಾಡಿದಾಗ ಅದು ಒಳಕ್ಕೆ ಚಪ್ಪಟೆಯಾಗಿ ನೀರಿನ ದಾರಿಯೇ ಮುಚ್ಚುತ್ತದೆ. ನಿಂತಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಫ್ಯಾನಿನ ಸುತ್ತ ಇರುವ ಕವರ್ ಬಗ್ಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಎಷ್ಟೋ ಹಳೆಯ ಜೀಪುಗಳಲ್ಲಿ ಅದು ಇಲ್ಲವೇ ಇಲ್ಲ. ಯಾವಾಗಲೋ ಬೆಲ್ಟ್ ಬದಲಿಸಲು ಬಿಚ್ಚಿದ್ದು ಮತ್ತೆ ಹಾಕಿಲ್ಲ. "ಅದು ಇಲ್ಲದಿದ್ರೂ ನಡೀತದೆ ಮಾರಾಯ್ರೆ" ಎನ್ನುವವರು ಬಹಳ. ಸಮತಟ್ಟಿನಲ್ಲಿ ನಡೆಯುತ್ತದೆ. ಏರಿನಲ್ಲಿ ನಡೆಯುವುದಿಲ್ಲ. ಕವರ್ ಇಲ್ಲದಿದ್ದರೆ ಫ್ಯಾನು ತನ್ನ ಎದುರಿಗಿರುವ ದುಂಡನೆಯ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಅದರಲ್ಲೂ ಒಂದಷ್ಟು ಪಕ್ಕದಿಂದ ಬಂದ ಬಿಸಿಗಾಳಿಯೇ. ರೇಡಿಯೇಟರಿನ ನಾಲ್ಕು ಮೂಲೆಗಳು ಸುಮ್ಮನೆ ಕೂತಿರುತ್ತವೆ. ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ರೇಡಿಯೇಟರ್ ಹಾಕಿಸುವ ಮೊದಲು, ತಗಡಿನ ಕವರ್ ಒಂದನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ನೋಡಿ.

ಇನ್ನು ಹೊರಗಿನ ಕೆಸರು. ಗದ್ದೆ, ಹಳ್ಳ ದಾಟಿದ ಜೀಪಿನ ಕೋರಿನಲ್ಲಿ ಕೆಸರು, ಹುಲ್ಲಿನ ಬೀಜ, ಹುಳ ಎಲ್ಲ ಸೇರಿ ಗೋಡೆ ಕಟ್ಟಿರುತ್ತವೆ. ಎಂಜಿನ್ ಕಡೆಯಿಂದ ಮುಂಭಾಗಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ, ಸಾಧಾರಣ ಪೈಪಿನ ನೀರು ಬಿಡಿ. ಅಡಿಕೆಗೆ ಔಷಧಿ ಹೊಡೆಯುವ ಮೋಟಾರಿನ ಗನ್ ಹಿಡಿದು ಹತ್ತಿರದಿಂದ ಹೊಡೆದರೆ ತೆಳ್ಳಗಿನ ಫಿನ್ನುಗಳೆಲ್ಲ ಮಲಗಿಬಿಡುತ್ತವೆ. ಮಲಗಿದ ಫಿನ್ ನಡುವೆ ಗಾಳಿ ಹೋಗದು.

ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮ ಕಡೆ ಒಂದು ಸಂಪ್ರದಾಯವೇ ಇದೆ. ಜೀಪು ಬಿಸಿಯಾದರೆ ಅದನ್ನು ಕಿತ್ತು ಎಸೆಯುವುದು. ಅದು ಕೆಟ್ಟು ಮುಚ್ಚಿಕೊಂಡಿದ್ದರೆ ತೆಗೆದಾಗ ಸಮಾಧಾನ ಆಗುವುದು ನಿಜ, ಆದರೆ ಕೆಟ್ಟದ್ದಕ್ಕೆ ಮದ್ದು ಹೊಸದು ಹಾಕುವುದು. ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಎಂಜಿನ್ ತಕ್ಕ ಬಿಸಿಗೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬಿಸಿಯಾದ ಮೇಲೆ ಅಡ್ಡದಾರಿಯ ನೀರನ್ನು ಮುಚ್ಚುವ ಕೆಲಸವೂ ಇದರದ್ದೇ. ತೆಗೆದರೆ ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತುತ್ತದೆ, ಏರಿನಲ್ಲಿ ಇನ್ನೂ ಬಿಸಿ. ಪರೀಕ್ಷೆ ಸುಲಭ. ಒಂದು ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಡಿ. ಅದರ ಮೇಲೆ ಬರೆದ ಡಿಗ್ರಿಯ ಹತ್ತಿರ ಬಾಯಿ ಬಿಡಲು ಶುರುಮಾಡಬೇಕು. ನೀರು ಕುದಿದರೂ ತೆರೆಯದಿದ್ದರೆ ಸತ್ತಿದೆ.

ಕೊನೆಗೆ ಎಲ್ಲಕ್ಕಿಂತ ದುಬಾರಿ ಸಂಶಯ, ಹೆಡ್ ಗ್ಯಾಸ್ಕೆಟ್. ತಣ್ಣಗಿರುವಾಗ ಕ್ಯಾಪ್ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ದೂರ ನಿಂತು ಬಾಯಿಯಲ್ಲಿ ನೋಡಿ. ಮೊದಲ ಒಂದೆರಡು ಗುಳ್ಳೆ ಬಿಡಿ, ನಿಲ್ಲದೆ ಗುಳ್ಳೆ ಬರುತ್ತಲೇ ಇದ್ದರೆ ಸಿಲಿಂಡರಿನ ಗ್ಯಾಸು ನೀರಿಗೆ ಸೇರುತ್ತಿದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೂ ಅದೇ ಗುಮಾನಿ. ಇಂಥ ಜೀಪಿಗೆ ಚಿನ್ನದ ರೇಡಿಯೇಟರ್ ಹಾಕಿದರೂ ಕುದಿಯುತ್ತದೆ. ಎರಡು ರೇಡಿಯೇಟರ್ ಬದಲಿಸಿ ಮೂರನೇ ಸಲಕ್ಕೆ ಹೆಡ್ ಬಿಚ್ಚಿಸಿದವರು ನಿಮ್ಮ ಊರಿನಲ್ಲೂ ಸಿಕ್ಕಾರು, ಕೇಳಿ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ರೇಡಿಯೇಟರಿನದ್ದೇ ತಪ್ಪು ಎಂದು ಆಗಬಹುದು. ಜೀಪನ್ನು ಒಂದಷ್ಟು ಓಡಿಸಿ ತಂದು, ಎಂಜಿನ್ ನಿಲ್ಲಿಸಿ, ಕೋರಿನ ಮೇಲೆ ಹುಷಾರಾಗಿ ಕೈ ಹತ್ತಿರ ಹಿಡಿಯಿರಿ. ಒಂದು ಕಡೆ ಸುಡುತ್ತಿದ್ದು ಇನ್ನೊಂದು ಕಡೆ ಪಟ್ಟಿಪಟ್ಟಿಯಾಗಿ ತಣ್ಣಗಿದ್ದರೆ ಆ ಟ್ಯೂಬುಗಳು ಒಳಗೆ ಕಟ್ಟಿವೆ. ಬೆಸುಗೆಯ ಹತ್ತಿರ ಹಸಿರು ಬಿಳಿ ಕಲೆ ಇದ್ದರೆ ಅಲ್ಲಿ ಸೋರಿಕೆ. ಫಿನ್ನನ್ನು ಬೆರಳಿನಿಂದ ತಾಗಿಸಿದರೆ ಪುಡಿಯಾಗಿ ಉದುರುತ್ತದಾ, ಅಲ್ಲಿಗೆ ಆ ಕೋರಿನ ಆಯುಷ್ಯ ಮುಗಿಯಿತು.

ಮುಗಿದದ್ದು ಕೋರ್. ರೇಡಿಯೇಟರ್ ಅಲ್ಲ. ಈ ವ್ಯತ್ಯಾಸವನ್ನು ಅಂಗಡಿಯವರು ಬಾಯಿಬಿಟ್ಟು ಹೇಳುವುದಿಲ್ಲ. ಹಳೆಯ ರೇಡಿಯೇಟರಿನಲ್ಲಿ ಮೇಲಿನ ಕೆಳಗಿನ ಟ್ಯಾಂಕುಗಳು ಹಿತ್ತಾಳೆ, ನಡುವಿನ ಟ್ಯೂಬುಗಳು ಹಿತ್ತಾಳೆ, ಅವುಗಳ ನಡುವಿನ ಫಿನ್ನು ತಾಮ್ರ. ಎಲ್ಲ ಸೀಸ-ತವರದ ಬೆಸುಗೆಯಲ್ಲಿ ಕೂತಿರುತ್ತದೆ. ರೇಡಿಯೇಟರ್ ಕೆಲಸ ಬಲ್ಲವರು ಬೆಂಕಿ ಹಿಡಿದು ಬೆಸುಗೆ ಕರಗಿಸಿ ಟ್ಯಾಂಕು ಬಿಚ್ಚುತ್ತಾರೆ, ತೊಳೆದು, ಹೊಸ ಕೋರಿಗೆ ಅದೇ ಟ್ಯಾಂಕು, ಅದೇ ಪಕ್ಕದ ಪಟ್ಟಿ ಕೂರಿಸಿ ಬೆಸೆಯುತ್ತಾರೆ. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿ ಗುಳ್ಳೆ ಬರುತ್ತದಾ ಎಂದು ನೋಡುತ್ತಾರೆ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ನೋಡಿದ ಹಾಗೆಯೇ. ಇದಕ್ಕೇ ರೀಕೋರ್ ಎನ್ನುವುದು. ನಿಮ್ಮ ಜೀಪಿನ ಅಳತೆ, ಬೋಲ್ಟಿನ ತೂತು, ಹೋಸಿನ ಬಾಯಿ ಯಾವುದೂ ಬದಲಾಗುವುದಿಲ್ಲ.

"ಆದರೆ ಅಲ್ಯೂಮಿನಿಯಂ ಹೊಸ ಟೆಕ್ನಾಲಜಿ ಅಲ್ವಾ?" ಎಂದು ನಮ್ಮ ತಮ್ಮಂದಿರು ಮೊಬೈಲ್ ತೋರಿಸುತ್ತಾರೆ. ಹೌದು, ಹೊಸದೇ, ಒಳ್ಳೆಯದೂ ಹೌದು. ಅಲ್ಯೂಮಿನಿಯಂ ತಂಪು ಮಾಡುವುದೇ ಇಲ್ಲ ಎಂದು ವಾದಿಸುವ ಹಳೆಯ ತಲೆಮಾರಿನವರ ಜೊತೆಗೂ ನನ್ನ ಸಹಮತ ಇಲ್ಲ. ಶುದ್ಧ ತಾಮ್ರ ಶುದ್ಧ ಅಲ್ಯೂಮಿನಿಯಂಗಿಂತ ಸುಮಾರು 1.7 ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ ನಿಜ. ಆದರೆ ಅಲ್ಯೂಮಿನಿಯಂ ಹಗುರ, ಅಗಲವಾದ ಟ್ಯೂಬು ಮಾಡಬಹುದು, ನಡುವೆ ಬೆಸುಗೆಯ ಅಡ್ಡಿ ಇಲ್ಲ. ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ರೇಡಿಯೇಟರ್ ತಾಮ್ರದ್ದಕ್ಕೆ ಸಮನಾಗಿ, ಕೆಲವೊಮ್ಮೆ ಮೇಲಾಗಿಯೇ ತಂಪು ಮಾಡುತ್ತದೆ.

ನನ್ನ ತಕರಾರು ಬೇರೆ. ಅದು ಒಡೆದ ದಿನ ಏನು?

ಅಲ್ಯೂಮಿನಿಯಂ ಕೋರನ್ನು ಕಾರ್ಖಾನೆಯಲ್ಲಿ ಸುಮಾರು 600 ಡಿಗ್ರಿಯ ಕುಲುಮೆಯೊಳಗೆ ಬೆಸೆಯುತ್ತಾರೆ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ನಡುವೆ ಇರುವ ಅಂತರ ಇಷ್ಟೇ. ಕಾಗದದಷ್ಟು ತೆಳ್ಳಗಿನ ಟ್ಯೂಬಿಗೆ ಪೇಟೆಯ ವೆಲ್ಡರ್ ಬೆಂಕಿ ಹಿಡಿದರೆ ತೂತು ಮುಚ್ಚುವ ಮೊದಲೇ ಟ್ಯೂಬು ನೀರಾಗಿ ಇಳಿಯುತ್ತದೆ. ಪ್ಲಾಸ್ಟಿಕ್ ಟ್ಯಾಂಕು ಕೋರಿಗೆ ಅಂಟಿರುವುದು ನಡುವೆ ರಬ್ಬರ್ ಇಟ್ಟು ಅಂಚು ಮಡಚಿದ್ದರಿಂದ. ವರ್ಷ ಕಳೆದು ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಟ್ಟರೆ ಅರಾಲ್ಡೈಟ್ ಮೆತ್ತಿ ಮನೆಗೆ ಮುಟ್ಟಬಹುದು, ಅಷ್ಟೇ. ಸೀಸದ ಬೆಸುಗೆಯಾದರೆ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಹಿರಿಯರು ಅರ್ಧ ಗಂಟೆಯಲ್ಲಿ ಮುಚ್ಚಿಕೊಡುತ್ತಾರೆ. ಒಂದು ಟ್ಯೂಬು ತೀರಾ ಹೋಗಿದ್ದರೆ ಅದರ ಎರಡೂ ತುದಿ ಬೆಸೆದು ಬಿಟ್ಟು, ಉಳಿದವುಗಳಲ್ಲಿ ಜೀಪು ಮನೆ ಸೇರುತ್ತದೆ.

ಇನ್ನೊಂದು ವಿಷಯ, ಫೋರ್ ವೀಲ್ ಡ್ರೈವ್ ಓಡಿಸುವವರಿಗೆ ಗೊತ್ತಿರುವುದೇ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಚಕ್ರ ಹೊಂಡದಲ್ಲಿ ಇದ್ದಾಗ ಹಳೆಯ ಜೀಪಿನ ಚಾಸಿ ಹಿಂಡಿದ ಬಟ್ಟೆಯಂತೆ ತಿರುಚುತ್ತದೆ. ಅದರ ಜೊತೆ ರೇಡಿಯೇಟರೂ ತಿರುಚಿದರೆ ಟ್ಯಾಂಕು ಮತ್ತು ಕೋರ್ ಸೇರುವ ಕಡೆ ಬಾಯಿ ಬಿಡುತ್ತದೆ. ಹಿತ್ತಾಳೆಯೂ ಬಿಡುತ್ತದೆ, ಪ್ಲಾಸ್ಟಿಕ್ಕೂ ಬಿಡುತ್ತದೆ. ಹಿತ್ತಾಳೆಯದನ್ನು ಮತ್ತೆ ಬೆಸೆಯಬಹುದು. ಯಾವುದೇ ಹಾಕಿಸಿ, ಕೆಳಗಿನ ರಬ್ಬರ್ ಬುಶ್ ಹೊಸದು ಹಾಕಿಸಿ, ಬೋಲ್ಟು ಸಾಯುವಷ್ಟು ಬಿಗಿಯಬೇಡಿ. ರೇಡಿಯೇಟರ್ ರಬ್ಬರಿನ ಮೇಲೆ ಸ್ವಲ್ಪ ಅಲ್ಲಾಡುವಂತೆ ಕೂರಬೇಕು. ನಮ್ಮವರು ರಬ್ಬರ್ ಹೋದ ಜಾಗಕ್ಕೆ ವಾಷರ್ ತುರುಕಿ ನಟ್ಟು ಬಿಗಿದು, ಆರು ತಿಂಗಳಲ್ಲಿ ಸೋರಿದಾಗ ಬೆಸೆದವನನ್ನು ಬಯ್ಯುತ್ತಾರೆ.

ರೀಕೋರ್ ಮಾಡಿಸುವಾಗ ಎರಡು ಮೂರು ವಿಷಯ ನೀವೇ ತೀರ್ಮಾನಿಸಬೇಕು, ಅಂಗಡಿಗೆ ಬಿಡಬಾರದು. ಟ್ಯೂಬಿನ ಸಾಲು ಎಷ್ಟು ಎನ್ನುವುದು ಒಂದು. ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು ಸಿಗುತ್ತವೆ. "ನಾಲ್ಕೇ ಹಾಕ್ಸಿ, ಹೆಚ್ಚಿದ್ದಷ್ಟೂ ಒಳ್ಳೇದು" ಎಂಬ ಸಲಹೆ ಎಲ್ಲೆಲ್ಲೂ ಇದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೋರ್ ದಪ್ಪವಾದಷ್ಟೂ ಅದರ ಮೂಲಕ ಗಾಳಿ ಎಳೆಯುವುದು ಫ್ಯಾನಿಗೆ ಕಷ್ಟ. ಹಿಂದಿನ ಸಾಲಿಗೆ ಮುಂದಿನ ಸಾಲುಗಳು ಬಿಸಿ ಮಾಡಿ ಬಿಟ್ಟ ಗಾಳಿಯೇ ಸಿಗುವುದು. ನಡೆಯುವ ವೇಗದಲ್ಲಿ ಏರುವ ಜೀಪಿಗೆ, ಕವರ್ ಇಲ್ಲದ ಹಳೆಯ ಫ್ಯಾನು ಇದ್ದರೆ, ನಾಲ್ಕನೇ ಸಾಲು ಬರೀ ಭಾರ. ದಪ್ಪ ಕೋರ್ ಫ್ಯಾನಿಗೆ ತೀರಾ ಹತ್ತಿರ ಬಂದು ಕೊರೆಯುವ ಅಪಾಯವೂ ಇದೆ. ನಮ್ಮ ಕೆಲಸಕ್ಕೆ ಮೂರು ಸಾಲು ಮತ್ತು ಸರಿಯಾದ ಫ್ಯಾನ್ ಕವರ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಎರಡು ಸಾಲಿನ ಕೋರನ್ನು "ಇದೂ ಅದೇ" ಎಂದು ಕೊಡುವವರಿದ್ದಾರೆ. ಟ್ಯಾಂಕು ಬೆಸೆಯುವ ಮೊದಲೇ ಹೋಗಿ ಕಣ್ಣಲ್ಲಿ ಎಣಿಸಿ.

ಇನ್ನೊಂದು ಫಿನ್ನಿನ ಸಾಂದ್ರತೆ. ಒತ್ತೊತ್ತಾಗಿ ಫಿನ್ ಇದ್ದರೆ ಕಾಗದದ ಮೇಲೆ ಹೆಚ್ಚು ತಂಪು. ಕೆಸರಿನ ಮೇಲೆ ಅಲ್ಲ. ಇಂಚಿಗೆ ಹತ್ತು ಹನ್ನೆರಡು ಫಿನ್ ಇರುವ ಕೋರಿನಿಂದ ಹುಲ್ಲಿನ ಬೀಜ ತೊಳೆದು ತೆಗೆಯಬಹುದು. ಅದಕ್ಕಿಂತ ಬಹಳ ಒತ್ತಾಗಿದ್ದರೆ ಒಂದು ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಕಂಪನಿ ಎಷ್ಟು ಕೊಟ್ಟಿತ್ತು ಎಂದು ಹಳೆಯ ಕೋರಿನಲ್ಲೇ ಎಣಿಸಬಹುದು, ಅದಕ್ಕೇ ಹಳೆಯದನ್ನು ಅಂಗಡಿಯವರು ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ.

ಟ್ಯಾಂಕೇ ತಿಂದುಹೋಗಿದ್ದರೆ, ಅಥವಾ ಹಿಂದಿನ ಮಾಲೀಕರು ಯಾವುದೋ ಗಾಡಿಯ ರೇಡಿಯೇಟರ್ ತುರುಕಿದ್ದರೆ ಬೇರೆಯದು ಕೊಳ್ಳದೆ ದಾರಿಯಿಲ್ಲ. ಆಗಲೂ ತಾಮ್ರ-ಹಿತ್ತಾಳೆಯದೇ ಕೇಳಿ. "ಜೀಪಿನ ರೇಡಿಯೇಟರ್ ಕೊಡಿ" ಎಂದರೆ ಮಾತ್ರ ಸಾಲದು, ಎಂಜಿನ್ ಯಾವುದು ಎಂದು ಹೇಳಬೇಕು. ಪ್ಯೂಜೋ ಎಂಜಿನ್ನಿಗೂ ಎಂಡಿಐ ಎಂಜಿನ್ನಿಗೂ ಒಂದೇ ಎಂದು ಭಾವಿಸಬೇಡಿ. ಹಳೆಯ ಪೆಟ್ರೋಲ್ ವಿಲ್ಲಿಸಿಗೆ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳು ನಮ್ಮ ಕಡೆ ಬೇಕಾದಷ್ಟಿವೆ. ಆರ್‌ಸಿ ಪುಸ್ತಕದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು. ಅಂಥವರು ಹೆಸರು ಹೇಳಿ ಕೊಳ್ಳುವುದಕ್ಕಿಂತ ಟೇಪು ಹಿಡಿದು ಹೋಗುವುದು ಮೇಲು. ಕೋರಿನ ಎತ್ತರ, ಅಗಲ, ದಪ್ಪ, ಮೇಲಿನ ಬಾಯಿ ಯಾವ ಕಡೆ, ಕೆಳಗಿನದು ಯಾವ ಕಡೆ, ಹೋಸಿನ ಅಳತೆ, ಬೋಲ್ಟಿನ ತೂತಿನ ನಡುವಿನ ದೂರ, ಫ್ಯಾನಿನಿಂದ ಕೋರಿಗೆ ಇರುವ ಜಾಗ, ಇಷ್ಟನ್ನೂ ಬರೆದುಕೊಳ್ಳಿ. ಹೊಂದದ ಬಾಯಿಗೆ ಹೋಸನ್ನು ಎಳೆದು ಬಗ್ಗಿಸಿ ಹಾಕಿದ ಜೀಪು ದಾರಿಯಲ್ಲಿ ಕೈಕೊಡುತ್ತದೆ.

ಕ್ಯಾಪಿನಲ್ಲೂ ಅದೇ "ಹೆಚ್ಚಿದ್ದಷ್ಟೂ ಒಳ್ಳೇದು" ಎಂಬ ರೋಗ. ಕ್ಯಾಪಿನ ಮೇಲೆ 0.5, 0.9, 1.1 ಎಂದು ಏನಾದರೂ ಬರೆದಿರುತ್ತದೆ. ಅದು ಒತ್ತಡ. 0.9ರ ಕ್ಯಾಪು ನೀರು ಕುದಿಯುವ ಮಟ್ಟವನ್ನು ಸಮುದ್ರ ಮಟ್ಟದಲ್ಲಿ 118 ಡಿಗ್ರಿಯ ಹತ್ತಿರ ಒಯ್ಯುತ್ತದೆ, 0.5ರದ್ದು 111ರ ಹತ್ತಿರ. ಹಾಗಾದರೆ 1.1 ಹಾಕಿಬಿಡುವ ಎಂದರೆ, ಹಳೆಯ ಬೆಸುಗೆ, ಹಳೆಯ ಹೋಸು, ಹಳೆಯ ಹೀಟರ್ ಪೈಪು ಅದನ್ನು ತಡೆಯಬೇಕಲ್ಲ. ಎಲ್ಲಿ ಬಡವೋ ಅಲ್ಲಿ ಒಡೆಯುತ್ತದೆ. ಗಾಡಿಗೆ ಮೊದಲು ಯಾವುದಿತ್ತೋ ಅದೇ ಸಂಖ್ಯೆಯ ಹೊಸ ಕ್ಯಾಪು ಹಾಕಿ.

ನೀರಿನ ವಿಷಯದಲ್ಲಿ ತಪ್ಪು ಪೂರ್ತಿ ನಮ್ಮದೇ, ಗ್ಯಾರೇಜಿನದ್ದಲ್ಲ. ಬೋರ್‌ವೆಲ್ ನೀರಿನ ಸುಣ್ಣ ಅನ್ನದ ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ ಟ್ಯೂಬಿನೊಳಗೂ ಕಟ್ಟುತ್ತದೆ. ಸೋರಿಕೆ ನಿಲ್ಲಲು ಅರಿಶಿನ ಪುಡಿ ಹಾಕುವವರಿದ್ದಾರೆ. ಸಣ್ಣ ತೂತು ಮುಚ್ಚುವುದೂ ಹೌದು, ಆದರೆ ಯಾವ ತೂತು ಮುಚ್ಚಬೇಕು, ಯಾವ ಟ್ಯೂಬು ಬಿಡಬೇಕು ಎಂದು ಅರಿಶಿನಕ್ಕೆ ಗೊತ್ತಿಲ್ಲ. ಕಾಡಿನ ನಡುವೆ ಮನೆ ಸೇರಲು ಹಾಕಿದರೆ ಸರಿ, ಮನೆ ಸೇರಿದ ಮೇಲೆ ತೊಳೆಯಬೇಕು. "ನಮ್ಮಲ್ಲಿ ಹಿಮ ಬೀಳ್ತದಾ, ಕೂಲಂಟ್ ಯಾಕೆ" ಎಂದು ಕೇಳುತ್ತಾರೆ. ಕೂಲಂಟು ಬೇಕಾದದ್ದು ತುಕ್ಕು ತಡೆಯಲು. ನೀರು ಹೆಪ್ಪುಗಟ್ಟದಂತೆ ಮಾಡುವುದು ಅದರ ಇನ್ನೊಂದು ಗುಣ, ಅಷ್ಟೇ. ಎಂಜಿನ್ ಬ್ಲಾಕಿನ ಎರಕದ ಕಬ್ಬಿಣದ ತುಕ್ಕೇ ಕೆಸರಾಗಿ ಬಂದು ಹೊಸ ಕೋರನ್ನು ಕಟ್ಟುವುದು. ಹೊಸ ಕೋರ್ ಹಾಕಿಸುವ ಮೊದಲು ಬ್ಲಾಕ್ ತೊಳೆಸದಿದ್ದರೆ ದುಡ್ಡು ಹಳ್ಳಕ್ಕೆ ಸುರಿದಂತೆ. ಕೂಲಂಟ್ ಕೊಳ್ಳುವಾಗ ಬಣ್ಣ ನೋಡಬೇಡಿ. ತಾಮ್ರ, ಹಿತ್ತಾಳೆ, ಬೆಸುಗೆಗೆ ಸರಿಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆಯಾ ನೋಡಿ. ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ಇನ್ನು ದುಡ್ಡಿನ ಮಾತು. ರೀಕೋರ್ ಯಾವಾಗಲೂ ಅಗ್ಗ ಎಂದು ನಾನು ಹೇಳುವುದಿಲ್ಲ. ಒಂದೊಂದು ಕಡೆ ಅಲ್ಯೂಮಿನಿಯಂ ಹೊಸದೇ ಕಡಿಮೆಗೆ ಬರುತ್ತದೆ. ಆದರೆ ಲೆಕ್ಕ ಹಾಕುವಾಗ ನಿಮ್ಮ ಹಳೆಯದರ ಬೆಲೆಯನ್ನೂ ಸೇರಿಸಿ. ಗುಜರಿಯಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಂನ ಮೂರು ನಾಲ್ಕು ಪಟ್ಟು ಬೆಲೆ. ರೇಡಿಯೇಟರಿನಲ್ಲಿ ಹಿತ್ತಾಳೆ, ಬೆಸುಗೆ ಎಲ್ಲ ಸೇರಿರುವುದರಿಂದ ಶುದ್ಧ ತಾಮ್ರದ ದರ ಸಿಗುವುದಿಲ್ಲ, ಆದರೂ ಅದು ಕಬ್ಬಿಣದ ದರದ ವಸ್ತು ಅಲ್ಲ. "ಹಳೇದು ಇಲ್ಲೇ ಬಿಡಿ, ಏನೂ ಬರಲ್ಲ" ಎಂದರೆ, "ತೊಂದರೆ ಇಲ್ಲ ಅಣ್ಣ, ಜೀಪಿನ ಹಿಂದೆ ಹಾಕಿ" ಎಂದು ಹೇಳಿ. ರೀಕೋರ್ ಮಾಡಿಸಿದರೂ ಹಳೆಯ ಕೋರ್ ನಿಮ್ಮದೇ. ತಕ್ಕಡಿಯಲ್ಲಿ ತೂಗಿಸಿ, ದರದಲ್ಲಿ ಕಳೆಯಲು ಹೇಳಿ, ಬಿಲ್ಲಿನಲ್ಲಿ ಬರೆಸಿ. ಎಷ್ಟು ಸಾಲಿನ ಕೋರ್ ಎಂದೂ ಬಿಲ್ಲಿನಲ್ಲಿ ಇರಲಿ.

ಮೆಕ್ಯಾನಿಕ್‌ಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವರೆಲ್ಲ ತಾಮ್ರ ನುಂಗಲು ಕೂತವರಲ್ಲ. ರೀಕೋರಿಗೆ ಎರಡು ಮೂರು ದಿನ ಬೇಕು, ನಾವು ಸಂಜೆಯೊಳಗೆ ಜೀಪು ಬೇಕು ಎನ್ನುತ್ತೇವೆ. ಬೆಸುಗೆ ಹಾಕುವವರು ಕಡಿಮೆಯಾಗಿದ್ದಾರೆ, ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಬರದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಸೀಸದ ಹೊಗೆ ಮೈಗೆ ವಿಷ, ರೇಡಿಯೇಟರ್ ಕೆಲಸದವರ ರಕ್ತದಲ್ಲಿ ಸೀಸ ಸೇರುವುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ವಿಷಯ. ಗಾಳಿ ಆಡದ ತಗಡಿನ ಶೆಡ್ಡಿನಲ್ಲಿ ಮುಖಕ್ಕೆ ಏನೂ ಇಲ್ಲದೆ ಬೆಸೆಯುವ ಹಿರಿಯರ ಜೊತೆ ನೂರು ರೂಪಾಯಿಗೆ ಚೌಕಾಸಿ ಮಾಡುವ ನಾವು, ಕೇಳಿದಷ್ಟು ಬೆಲೆ ಕೊಟ್ಟು ಪ್ಲಾಸ್ಟಿಕ್ ಟ್ಯಾಂಕು ತರುತ್ತೇವೆ. ಅವರಿಗೆ ಕೆಲಸ ಕೊಡಿ, ಕೇಳಿದ ಕೂಲಿ ಕೊಡಿ. ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ ಅವಸರ ಇಲ್ಲದಾಗ ರೇಡಿಯೇಟರ್ ಬಿಚ್ಚಿಸಿ ಕೊಟ್ಟರೆ ಎರಡು ದಿನ ಕಾಯುವುದೂ ಕಷ್ಟವಾಗದು.

ಬಿಚ್ಚುವಾಗ ಹಳೆಯ ಕೂಲಂಟನ್ನು ಅಂಗಳಕ್ಕೆ, ಚರಂಡಿಗೆ ಬಿಡಬೇಡಿ. ಅದರಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ ನೆಕ್ಕಿದರೂ, ಕರು ಕುಡಿದರೂ ಕಿಡ್ನಿ ಹೋಗುತ್ತದೆ. ಮುಚ್ಚಳ ಇರುವ ಡಬ್ಬಿಯಲ್ಲಿ ಹಿಡಿದು, ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಗ್ಯಾರೇಜಿಗೆ ಕೊಡಿ. ಕುಡಿಯುವ ನೀರಿನ ಬಾಟಲಿಯಲ್ಲಂತೂ ಖಂಡಿತ ತುಂಬಿಡಬೇಡಿ.